ಸತ್ತವರ ಸಾಲ ಯಾರು ಕೊಡಬೇಕು?



ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ ಅಂತ ಇಟ್ಟುಕೊಳ್ಳೋಣ. ಅಲ್ಲಿ ಒಂದು ಹೆಂಚಿನ ಮನೆ. ಮನೆಯ ಯಜಮಾನ ತೀರಿಹೋಗಿ ಒಂಬತ್ತು ದಿನ ಆಗಿದೆ. ಹಾಲು-ತುಪ್ಪ ಆಗಿದೆ. ಹನ್ನೊಂದನೇ ದಿನದ ಕಾರ್ಯ ಇನ್ನೂ ಆಗಬೇಕು. ಹೆಂಡತಿ ಅಡಿಕೆ ಸುಲಿಯುವ ಕೂಲಿಗೆ ಹೋಗುವವಳು. ಎರಡು ಮಕ್ಕಳು. ವಯಸ್ಸಾದ ಅತ್ತೆ.

ಬೆಳಿಗ್ಗೆ ಬಾಗಿಲಿಗೆ ಇಬ್ಬರು ಬಂದರು.

"ನಿನ್ ಗಂಡ ನಮ್ಮತ್ರ ಒಂದೂವರೆ ಲಕ್ಷ ಸಾಲ ತಗೊಂಡಿದ್ದ ಕಣಮ್ಮ. ಬಡ್ಡಿ ಬೇರೆ ಇದೆ. ಈಗ ಯಾರು ಕೊಡ್ತೀರಾ?"

"ನಂಗೇನೂ ಗೊತ್ತಿಲ್ಲಣ್ಣ. ಅವರು ಏನೂ ಹೇಳಿರಲಿಲ್ಲ."

"ಗೊತ್ತಿಲ್ಲ ಅಂದ್ರೆ ಆಗುತ್ತಾ? ಈ ಕಾಗದಕ್ಕೆ ಒಂದು ಹೆಬ್ಬೆಟ್ಟು ಒತ್ತು. ನಿಧಾನಕ್ಕೆ ಕೊಟ್ರಾಯ್ತು. ಇಲ್ಲಾಂದ್ರೆ ಕಿವಿ ಓಲೆ ಬಿಚ್ಚಿಕೊಡು."

ಅತ್ತೆ ಅಳುತ್ತಾ ಹೇಳಿದಳು: "ಒತ್ತಿಬಿಡವ್ವ. ನನ್ನ ಮಗ ಸಾಲ ಹೊತ್ಕೊಂಡು ಹೋದ ಅನ್ನೋ ಮಾತು ಬೇಡ."

ಆಕೆ ಹೆಬ್ಬೆಟ್ಟು ಒತ್ತಿದಳು. ಬಂದವರು ಹೋದರು.

ಆ ಒಂದು ಹೆಬ್ಬೆಟ್ಟಿನಿಂದ ಏನಾಯಿತು? ಅಲ್ಲಿಯವರೆಗೆ ಅದು ಗಂಡನ ಸಾಲ. ಹೆಬ್ಬೆಟ್ಟು ಬಿದ್ದ ಮೇಲೆ, "ನಾನು ಕೊಡುತ್ತೇನೆ" ಅಂತ ಆಕೆಯೇ ಒಪ್ಪಿದ ಹಾಗಾಯಿತು. ಆ ಕಾಗದದಲ್ಲಿ ಏನು ಬರೆದಿತ್ತು ಅಂತ ಆಕೆ ಓದಿರಲಿಲ್ಲ. ಯಾರೂ ಓದಿ ಹೇಳಲೂ ಇಲ್ಲ.

ನೀವು ಈಗ ಓದುತ್ತೀರಿ. ಅದಕ್ಕೇ ಈ ಪಾಠ.

ಕಾನೂನು ಏನು ಹೇಳುತ್ತದೆ?

ಗಂಡ ಸತ್ತರೆ ಅವನ ಸಾಲ ತಾನಾಗಿ ಹೆಂಡತಿಯ ತಲೆಗೆ ಬರುವುದಿಲ್ಲ. ಇದು ಮೊದಲ ಮಾತು. ಇದನ್ನು ಎರಡು ಸಾರಿ ಓದಿ.

ಹಾಗಾದರೆ ಸಾಲ ಕೊಟ್ಟವರ ಗತಿ ಏನು? ಸತ್ತವನು ಬಿಟ್ಟುಹೋದ ಆಸ್ತಿಯಿಂದ ಅವರು ತಮ್ಮ ಹಣ ಕೇಳಬಹುದು. ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ. ಅದಕ್ಕಿಂತ ಹೆಚ್ಚಿಗೆ ಕೇಳುವ ಹಕ್ಕು ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಅಂತ ಒಂದು ಕಾನೂನು ಇದೆ. ಅದರ 50ನೇ ಕಲಮಿನಲ್ಲಿ ಈ ಮಾತು ಇದೆ. ಸತ್ತವರ ಆಸ್ತಿ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ, ಅವರ ಹೊಣೆ ಅಷ್ಟೇ.

"ಅಪ್ಪನ ಸಾಲ ತೀರಿಸೋದು ಮಗನ ಧರ್ಮ" ಅಂತ ಹಿಂದೆ ಕೋರ್ಟಿನಲ್ಲೂ ವಾದ ಮಾಡುತ್ತಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂತು. ಆ ವರ್ಷ ಸೆಪ್ಟೆಂಬರ್ 9ರಿಂದ ಅದು ಜಾರಿಗೆ ಬಂತು. ಅಲ್ಲಿಂದ ಈಚೆಗೆ ಮಾಡಿದ ಸಾಲಕ್ಕೆ, ಬರೀ ಮಗ ಅನ್ನುವ ಕಾರಣದಿಂದ ಮಗನನ್ನು ಹಿಡಿಯುವ ಹಾಗಿಲ್ಲ.

ಮುಸ್ಲಿಂ ಮನೆಗಳಲ್ಲೂ ಹೀಗೆಯೇ. ಸತ್ತವರು ಬಿಟ್ಟ ಆಸ್ತಿಯಿಂದ ಸಾಲ ತೀರಬೇಕು. ಗಂಡ ಕೊಡಬೇಕಾಗಿದ್ದ ಮೆಹರ್ ಬಾಕಿ ಇದ್ದರೆ ಅದೂ ಗಂಡನ ಸಾಲವೇ. ಅದು ಹೆಂಡತಿಗೆ ಬರಬೇಕಾದ ಹಣ.

ಒಂದು ಲೆಕ್ಕ ಮಾಡೋಣ

ಗುಬ್ಬಿ ಕಡೆಯ ಆ ಮನೆಗೇ ಹೋಗೋಣ.

ಗಂಡನ ಹೆಸರಿನಲ್ಲಿ ಒಂದು ಹಳೆಯ ಬೈಕು ಇದೆ. ಅದರ ಬೆಲೆ 25,000 ರೂಪಾಯಿ.
ಬ್ಯಾಂಕಿನಲ್ಲಿ ಅವನ ಖಾತೆಯಲ್ಲಿ 15,000 ರೂಪಾಯಿ ಇದೆ.
ಎರಡೂ ಸೇರಿ 40,000 ರೂಪಾಯಿ.
ಸಾಲ 1,50,000 ರೂಪಾಯಿ.

ಸಾಲಕೊಟ್ಟವರು ಕೋರ್ಟಿಗೆ ಹೋಗಿ ಗೆದ್ದರೂ ಅವರಿಗೆ ಸಿಗುವುದು ಆ 40,000 ರೂಪಾಯಿಯ ಒಳಗೆ. ಉಳಿದ 1,10,000 ರೂಪಾಯಿಯನ್ನು ಹೆಂಡತಿಯ ಕೂಲಿಯಿಂದ ಕೇಳುವ ಹಾಗಿಲ್ಲ. ಮಕ್ಕಳ ದುಡಿಮೆಯಿಂದಲೂ ಕೇಳುವ ಹಾಗಿಲ್ಲ.

ಆ ಹೆಂಚಿನ ಮನೆ ಅತ್ತೆಯ ಹೆಸರಿನಲ್ಲಿದೆ. ಅದು ಮಗನ ಆಸ್ತಿ ಅಲ್ಲ. ಸೊಸೆಯ ಕಿವಿ ಓಲೆ ತವರಿನವರು ಹಾಕಿದ್ದು. ಅದು ಸ್ತ್ರೀಧನ, ಆಕೆಯದೇ. ಅದೂ ಗಂಡನ ಆಸ್ತಿ ಅಲ್ಲ. ಆಕೆಯ ಖಾತೆಗೆ ಬರುವ ಗೃಹಲಕ್ಷ್ಮಿ ಹಣವೂ ಆಕೆಯದೇ.

ಒಂದು ಎಚ್ಚರಿಕೆ. ಸಾಲದವರು ಬರುತ್ತಾರೆ ಅಂತ ಬೈಕನ್ನು ಮಾರಿ ಹಣ ಖರ್ಚು ಮಾಡಿದರೆ, ಆ ಹಣಕ್ಕೆ ನೀವೇ ಲೆಕ್ಕ ಕೊಡಬೇಕಾಗುತ್ತದೆ. ಆಸ್ತಿ ಮುಚ್ಚಿಡಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆದಿಡಿ.

ಹೆಂಡತಿ ಯಾವಾಗ ಕೊಡಬೇಕು?

ಕೆಲವು ಸಾಲಗಳನ್ನು ಹೆಂಡತಿ ಕೊಡಲೇಬೇಕು. ಅದನ್ನೂ ತಿಳಿದುಕೊಳ್ಳೋಣ.

ಮೊದಲನೆಯದು, ಸಾಲ ನಿಮ್ಮ ಹೆಸರಿನಲ್ಲೇ ಇದ್ದರೆ. ತುಮಕೂರಿನಲ್ಲಿ ಬೀಡಿ ಕಟ್ಟುವ ಒಬ್ಬ ಅಕ್ಕ ಅಂತ ಇಟ್ಟುಕೊಳ್ಳಿ. ಸಂಘದಲ್ಲಿ ಸಾಲ ತೆಗೆದು ಗಂಡನ ಆಟೋ ರಿಪೇರಿಗೆ ಕೊಟ್ಟಳು. ಹಣ ಗಂಡ ಖರ್ಚು ಮಾಡಿದ. ಆದರೆ ಸಾಲ ಪಡೆದವಳು ಆಕೆ. ಗಂಡ ಸತ್ತರೂ ಆ ಸಾಲ ಆಕೆಯದೇ.

ಎರಡನೆಯದು, ನೀವು ಗಂಡನ ಜೊತೆ ಸಹಿ ಹಾಕಿದ್ದರೆ ಅಥವಾ ಜಾಮೀನು ನಿಂತಿದ್ದರೆ. ಆಗ ನೀವೂ ಸಾಲಕ್ಕೆ ಹೊಣೆ. ಸಹಿ ಹಾಕಿದ್ದು ನೆನಪಿಲ್ಲ ಅಂದರೆ, "ಸಾಲದ ಪತ್ರದ ನಕಲು ಕೊಡಿ, ನೋಡ್ತೀನಿ" ಅಂತ ಕೇಳಿ. ಬಾಯಿ ಮಾತು ನಂಬಬೇಡಿ.

ಮೂರನೆಯದು, ಆಸ್ತಿಯ ಮೇಲೆ ಸಾಲ ಇದ್ದರೆ. ಕುಣಿಗಲ್ ಕಡೆಯ ಒಂದು ಮನೆಯಲ್ಲಿ ಗಂಡ ಒಂದೂವರೆ ಎಕರೆ ಜಮೀನು ಅಡವಿಟ್ಟು ಸೊಸೈಟಿಯಲ್ಲಿ ಸಾಲ ತೆಗೆದಿದ್ದ ಅಂದುಕೊಳ್ಳಿ. ಅವನು ಸತ್ತ ಮೇಲೆ ಜಮೀನು ಹೆಂಡತಿ, ಮಕ್ಕಳು, ತಾಯಿಗೆ ಪೌತಿ ಖಾತೆ ಆಗುತ್ತದೆ. ಜಮೀನಿನ ಜೊತೆ ಅದರ ಮೇಲಿನ ಸಾಲವೂ ಬರುತ್ತದೆ. ತೀರಿಸದಿದ್ದರೆ ಜಮೀನಿಗೇ ತೊಂದರೆ. ಪಹಣಿ ತೆಗೆಸಿ ನೋಡಿ. 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣ ಅಂತ ಇರುತ್ತದೆ. ಬ್ಯಾಂಕು, ಸೊಸೈಟಿ ಸಾಲ ಅಲ್ಲಿ ಬರೆದಿರುತ್ತಾರೆ. ಒಡವೆ ಗಿರವಿ ಇಟ್ಟಿದ್ದರೂ ಹೀಗೆಯೇ. ಹಣ ಕಟ್ಟಿದರೆ ಒಡವೆ ವಾಪಸ್.

ಈ ಮೂರರಲ್ಲಿ ಯಾವುದೂ ಅಲ್ಲದಿದ್ದರೆ, ಮೊದಲು ಹೇಳಿದ ಮಾತೇ ಸರಿ. ಗಂಡ ಬಿಟ್ಟ ಆಸ್ತಿ ಎಷ್ಟೋ, ಹೊಣೆ ಅಷ್ಟೇ.

ಸಹಿ ಹಾಕುವ ಮುಂಚೆ ನಿಲ್ಲಿ

ಕೈಸಾಲಕ್ಕೆ, ಪ್ರೋನೋಟು ಸಾಲಕ್ಕೆ ಕಾನೂನಿನಲ್ಲಿ ಒಂದು ಗಡುವು ಇದೆ. ಸಾಮಾನ್ಯವಾಗಿ 3 ವರ್ಷ. ಆ ಗಡುವಿನ ಒಳಗೆ ಅವರು ಕೋರ್ಟಿಗೆ ಹೋಗಬೇಕು. ಗಡುವು ಮುಗಿದರೆ ಕೋರ್ಟಿನ ಮೂಲಕ ವಸೂಲಿ ಮಾಡುವುದು ಕಷ್ಟ.

ಗಡುವಿನ ಒಳಗೆ "ಸಾಲ ಇರೋದು ನಿಜ" ಅಂತ ಬರೆದು ಸಹಿ ಹಾಕಿದರೆ, 3 ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರು ಆಗುತ್ತದೆ. ಗಡುವು ಮುಗಿದ ಮೇಲೆ "ಕೊಡುತ್ತೇನೆ" ಅಂತ ಬರೆದುಕೊಟ್ಟರೆ, ಅದು ಹೊಸ ಒಪ್ಪಂದವೇ ಆಗುತ್ತದೆ. ಅದಕ್ಕೇ ವಸೂಲಿಗೆ ಬಂದವರು ಹಣಕ್ಕಿಂತ ಮುಂಚೆ ಹೆಬ್ಬೆಟ್ಟು ಕೇಳುತ್ತಾರೆ.

ಸಾವಿನ ಮನೆಯಲ್ಲಿ ಯಾವ ಕಾಗದಕ್ಕೂ ಸಹಿ ಬೇಡ. ಖಾಲಿ ಕಾಗದಕ್ಕೆ ಬೇಡ. ಛಾಪಾ ಕಾಗದಕ್ಕೆ ಬೇಡ. "ಬರೀ ಸಾಕ್ಷಿಗೆ ಕಣಮ್ಮ" ಅಂದರೂ ಬೇಡ. ಆಧಾರ್ ಕಾರ್ಡು, ರೇಷನ್ ಕಾರ್ಡು, ಎಟಿಎಂ ಕಾರ್ಡು, ಪಾಸ್‌ಬುಕ್ ಯಾವುದನ್ನೂ ಅವರ ಕೈಗೆ ಕೊಡಬೇಡಿ.

ಮನೆಯ ಕಾಗದ ಹುಡುಕಿ

ಸಾಲದ ಕಾಗದ ಹುಡುಕುವ ಹಾಗೆ, ಬರಬೇಕಾದ ಹಣದ ಕಾಗದವನ್ನೂ ಹುಡುಕಬೇಕು. ಎಷ್ಟೋ ಮನೆಗಳಲ್ಲಿ ಇದು ಯಾರಿಗೂ ಗೊತ್ತಾಗದೆ ಟ್ರಂಕಿನಲ್ಲೇ ಉಳಿದುಬಿಡುತ್ತದೆ.

ಮೊದಲು ಮರಣ ಪ್ರಮಾಣ ಪತ್ರ ಮಾಡಿಸಿ. ಸಾವನ್ನು 21 ದಿನದ ಒಳಗೆ ನೋಂದಾಯಿಸಬೇಕು. ಹಳ್ಳಿಯಲ್ಲಾದರೆ ಗ್ರಾಮ ಆಡಳಿತಾಧಿಕಾರಿಯನ್ನು ಅಥವಾ ಪಂಚಾಯಿತಿಯಲ್ಲಿ ಕೇಳಿ. ತುಮಕೂರಿನಲ್ಲಿ ಮಹಾನಗರ ಪಾಲಿಕೆ, ಕುಣಿಗಲ್‌ನಲ್ಲಿ ಪುರಸಭೆ, ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿ ಇದೆ. ಆಸ್ಪತ್ರೆಯಲ್ಲಿ ಸತ್ತಿದ್ದರೆ ಆಸ್ಪತ್ರೆಯಲ್ಲಿ ವಿಚಾರಿಸಿ. ಪೌತಿ ಖಾತೆಗೆ, ಬ್ಯಾಂಕಿಗೆ, ವಿಮೆಗೆ ಎಲ್ಲಕ್ಕೂ ಈ ಪತ್ರ ಬೇಕು. ಎಲ್ಲೇ ಆಗಲಿ ಜೆರಾಕ್ಸ್ ಕೊಡಿ. ಅಸಲು ನಿಮ್ಮ ಹತ್ತಿರವೇ ಇರಲಿ.

ಆಮೇಲೆ ಗಂಡನ ಬ್ಯಾಂಕ್ ಪಾಸ್‌ಬುಕ್ ತೆಗೆಯಿರಿ. ಎಂಟ್ರಿ ಹಾಕಿಸಿ. ಮೇ ಕೊನೆ ಅಥವಾ ಜೂನ್ ಮೊದಲಿನ ಸಾಲುಗಳನ್ನು ಬೆರಳಿಟ್ಟು ಓದಿ. 436 ಅನ್ನುವ ಅಂಕಿ ಕಾಣುತ್ತಾ? ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು ಇರಬಹುದು. ಕಂತು ಕಟ್ಟಿ ವಿಮೆ ಚಾಲ್ತಿಯಲ್ಲಿದ್ದರೆ ಮನೆಯವರಿಗೆ 2 ಲಕ್ಷ ರೂಪಾಯಿ ಬರುತ್ತದೆ. 20 ಅನ್ನುವ ಅಂಕಿ ಕಂಡರೆ ಅದು ಸುರಕ್ಷಾ ವಿಮೆ ಇರಬಹುದು. ಅಪಘಾತದಲ್ಲಿ ಸತ್ತಿದ್ದರೆ ಅದರಿಂದಲೂ 2 ಲಕ್ಷ ಬರುತ್ತದೆ. ತಡ ಮಾಡದೆ ಅದೇ ಬ್ಯಾಂಕಿನಲ್ಲಿ ಅರ್ಜಿ ಕೊಡಿ.

ಬ್ಯಾಂಕು, ಸಂಘ, ಫೈನಾನ್ಸ್‌ನವರು ಸಾಲ ಕೊಡುವಾಗ ಎಷ್ಟೋ ಸಾರಿ ವಿಮೆ ಅಂತ ಸ್ವಲ್ಪ ಹಣ ಹಿಡಿದುಕೊಂಡಿರುತ್ತಾರೆ. ಹೆಂಡತಿಯ ಹೆಸರಿನ ಸಾಲಕ್ಕೂ ಗಂಡನ ಜೀವದ ಮೇಲೆ ವಿಮೆ ಮಾಡಿಸಿರುವುದು ಉಂಟು. "ಈ ಸಾಲಕ್ಕೆ ವಿಮೆ ಇದೆಯಾ?" ಅಂತ ಕೇಳಲೇಬೇಕು. ಇದ್ದರೆ ಸಾಲ ವಿಮೆಯಿಂದಲೇ ತೀರಬಹುದು. ಬೀಡಿ ಕಟ್ಟುವ ಆ ಅಕ್ಕ ಈ ಒಂದು ಪ್ರಶ್ನೆ ಕೇಳದಿದ್ದರೆ ವರ್ಷಗಟ್ಟಲೆ ಸುಮ್ಮನೆ ಕಂತು ಕಟ್ಟಬೇಕಾದೀತು.

ಇನ್ನೊಂದು ಮಾತು. ಸತ್ತವನ ಜೀವ ವಿಮೆಯ ಹಣವನ್ನು ಬೇರೆ ಸಾಲಕ್ಕೆ ಜಪ್ತಿ ಮಾಡಬಾರದು ಅಂತ ಕಾನೂನು ಇದೆ. ವಿಮೆ ಹಣ ಬಂದ ಸುದ್ದಿ ಕೇಳಿ ಬಾಗಿಲಿಗೆ ಬಂದವರಿಗೆ ಅದನ್ನು ಕೊಡಬೇಕಾಗಿಲ್ಲ. ಕೂಲಿಕಾರರು, ರೈತರು ವಾಸ ಇರುವ ಸ್ವಂತ ಮನೆ, ಬೇಸಾಯದ ಸಾಮಾನು, ಅಡುಗೆ ಪಾತ್ರೆ, ಬಟ್ಟೆ, ಹಾಸಿಗೆ ಇವನ್ನೂ ಸಾಮಾನ್ಯವಾಗಿ ಜಪ್ತಿ ಮಾಡುವ ಹಾಗಿಲ್ಲ. ಆದರೆ ಅಡವಿಟ್ಟ ಮನೆಗೆ ಈ ರಕ್ಷಣೆ ಇಲ್ಲ.

ಹೆದರಿಸಿದರೆ ಏನು ಮಾಡಬೇಕು?

"ಪೊಲೀಸ್ ಕರೆಸ್ತೀವಿ, ಜೈಲಿಗೆ ಹಾಕಿಸ್ತೀವಿ" ಅಂತ ಹೆದರಿಸುತ್ತಾರೆ. ಸಾಲ ತೀರಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಪೊಲೀಸರು ಹಿಡಿದುಕೊಂಡು ಹೋಗುವ ಹಾಗಿಲ್ಲ. ಸಾಲದ ಹಣ ಕಟ್ಟಲಿಲ್ಲ ಅಂತ ಹೆಂಗಸನ್ನು ಸಿವಿಲ್ ಜೈಲಿಗೆ ಹಾಕಲು ಕೋರ್ಟು ಕೂಡ ಆಜ್ಞೆ ಮಾಡುವ ಹಾಗಿಲ್ಲ. ಇದು ಆ 1908ರ ಕಾನೂನಿನ 56ನೇ ಕಲಮಿನಲ್ಲೇ ಇದೆ.

ಸಂಘದ ಕಿರುಸಾಲ ವಸೂಲಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಬೆಳಿಗ್ಗೆ 9 ಗಂಟೆಗೆ ಮುಂಚೆ, ಸಂಜೆ 6 ಗಂಟೆ ಆದ ಮೇಲೆ ಫೋನ್ ಮಾಡಬಾರದು. ಬೇರೆ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ. ಕೆಟ್ಟ ಮಾತು ಆಡಬಾರದು. ನೆಂಟರಿಗೆ, ನೆರೆಯವರಿಗೆ ಕಿರುಕುಳ ಕೊಡಬಾರದು.

ಕಿರುಸಾಲದ ಕಾಟ ಹೆಚ್ಚಾದಾಗ ಕರ್ನಾಟಕದಲ್ಲಿ 2025ರ ಫೆಬ್ರವರಿ 12ರಂದು ಒಂದು ಸುಗ್ರೀವಾಜ್ಞೆ ಬಂತು. ಆ ವರ್ಷವೇ ಅದು ಕಾಯ್ದೆಯೂ ಆಯಿತು. ಸಾಲ ಪಡೆದವರಿಗೆ ಅಥವಾ ಅವರ ಮನೆಯವರಿಗೆ ಬಲವಂತ ಮಾಡುವುದು, ಹೆದರಿಸುವುದು, ಅವಮಾನ ಮಾಡುವುದು, ಹಿಂದೆ ಹಿಂದೆ ಸುತ್ತುವುದು ಅಪರಾಧ. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ದೂರು ಕೊಟ್ಟರೆ ಪೊಲೀಸರು ಬರೆದುಕೊಳ್ಳಲೇಬೇಕು. ಬಡ್ಡಿ ವ್ಯವಹಾರ ಮಾಡುವವರಿಗೆ ಲೈಸೆನ್ಸ್ ಇರಬೇಕು ಅಂತ 1961ರಿಂದಲೇ ಕಾನೂನಿದೆ. ಮೀಟರ್ ಬಡ್ಡಿ ತಡೆಯಲು 2004ರ ಕಾಯ್ದೆ ಇದೆ.

ಈ ನಂಬರುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ:

112, ಪೊಲೀಸ್
181, ಮಹಿಳಾ ಸಹಾಯವಾಣಿ
15100, ಉಚಿತ ಕಾನೂನು ನೆರವು
14448, ಬ್ಯಾಂಕು, ಫೈನಾನ್ಸ್ ಮೇಲೆ ದೂರು ಕೇಳುವ ರಿಸರ್ವ್ ಬ್ಯಾಂಕಿನ ನಂಬರು

ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಹಿಂಜರಿಯಬೇಡಿ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ವಕೀಲರ ಸಹಾಯ ಉಚಿತ. ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ತುಮಕೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಗುಬ್ಬಿ, ಕುಣಿಗಲ್‌ನವರು ತಮ್ಮ ತಾಲ್ಲೂಕಿನ ಕೋರ್ಟಿಗೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ.

ಕೋರ್ಟಿನಿಂದ ಕಾಗದ ಬಂದರೆ ಮಾತ್ರ ಸುಮ್ಮನಿರಬೇಡಿ. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಮರೆಯಬೇಡಿ. ಅದರಲ್ಲಿ ಹಾಜರಾಗುವ ತಾರೀಖು ಇರುತ್ತದೆ. ಆ ದಿನ ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಆಗಿಬಿಡಬಹುದು. ಕಾಗದ ಹಿಡಿದುಕೊಂಡು ಮಾರನೇ ದಿನವೇ ಕಾನೂನು ಸೇವಾ ಸಮಿತಿಗೆ ಹೋಗಿ.

ಋಣದ ಮಾತು

ಅತ್ತೆಯ ಮಾತನ್ನು ಮರೆಯುವ ಹಾಗಿಲ್ಲ. ಸತ್ತವರ ಋಣ ಉಳಿಯಬಾರದು ಅನ್ನುವುದು ನಮ್ಮೆಲ್ಲರ ಮನಸ್ಸಿನಲ್ಲಿ ಇದೆ. ಅದು ಒಳ್ಳೆಯ ಮನಸ್ಸೇ. ಕಷ್ಟಕಾಲದಲ್ಲಿ ನೆರೆಮನೆಯವರು ಬಡ್ಡಿ ಇಲ್ಲದೆ ಕೊಟ್ಟ ಐದು ಸಾವಿರ ಇರುತ್ತದೆ. ಅಂಗಡಿಯ ಬಾಕಿ ಇರುತ್ತದೆ. ಅದನ್ನು ಕೊಡಬೇಕು ಅಂತ ನಿಮಗೆ ಅನಿಸಿದರೆ ಕೊಡಿ. ಯಾರೂ ಬೇಡ ಅನ್ನುವುದಿಲ್ಲ.

ಆದರೆ ಕೊಡುವುದು ಬೇರೆ, ಕಸಿದುಕೊಳ್ಳುವುದು ಬೇರೆ. ಕೊಡುವುದಾದರೆ ಲೆಕ್ಕ ನೋಡಿ ಕೊಡಿ. ಕೈಲಾದಷ್ಟು ಕೊಡಿ. ಕೊಟ್ಟದ್ದಕ್ಕೆ ರಸೀದಿ ತಗೊಳ್ಳಿ. ಮಕ್ಕಳ ಅನ್ನ, ಮಕ್ಕಳ ಶಾಲೆ ಬಿಡಿಸಿ ಕೊಡಬೇಡಿ.

ಹಿಂದಿನ ಕಾಲದಲ್ಲಿ ಅಪ್ಪ ಮಾಡಿದ ಸಾಲಕ್ಕೆ ಮಗ ಸಾಹುಕಾರರ ಮನೆಯಲ್ಲಿ ಜೀತ ಮಾಡುತ್ತಿದ್ದ. ಮಗ ಸತ್ತರೆ ಮೊಮ್ಮಗ. ಸಾಲ ಎಷ್ಟಿತ್ತು, ಎಷ್ಟು ತೀರಿತು ಅಂತ ಓದಲು ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. 1975ರ ಅಕ್ಟೋಬರ್‌ನಲ್ಲಿ ಸರ್ಕಾರ ಜೀತವನ್ನು ರದ್ದು ಮಾಡಿತು. 1976ರಲ್ಲಿ ಅದು ಕಾಯ್ದೆ ಆಯಿತು. ಜೀತದ ಸಾಲಗಳೂ ರದ್ದಾದವು. ಕಾನೂನು ಬದಲಾಗಿ ಇಷ್ಟು ವರ್ಷ ಆಯಿತು. ಓದದೆ ಒತ್ತುವ ಹೆಬ್ಬೆಟ್ಟು ಮಾತ್ರ ಇನ್ನೂ ಅಲ್ಲಲ್ಲಿ ಉಳಿದಿದೆ.

ಅದೇ ಬಾಗಿಲು, ಇನ್ನೊಂದು ಸಾರಿ

ಈಗ ಆ ಹೆಂಚಿನ ಮನೆಯ ಹೆಂಡತಿ ನಿಮ್ಮ ಹಾಗೆ ಓದು ಕಲಿತವಳು ಅಂದುಕೊಳ್ಳಿ. ಅದೇ ಇಬ್ಬರು ಬಂದರು.

"ನಿನ್ ಗಂಡ ಒಂದೂವರೆ ಲಕ್ಷ ಕೊಡಬೇಕು ಕಣಮ್ಮ."

"ಇರಬಹುದಣ್ಣ. ಪತ್ರ ಇದ್ರೆ ಅದರ ಜೆರಾಕ್ಸ್ ಕೊಡಿ. ಯಾವತ್ತು ಕೊಟ್ರಿ, ಎಷ್ಟು ಕೊಟ್ರಿ, ಅವರು ಎಷ್ಟು ಕಟ್ಟಿದ್ರು, ಬಡ್ಡಿ ಎಷ್ಟು, ಎಲ್ಲ ಬರೆದುಕೊಡಿ."

"ಆಮೇಲೆ ಕೊಡೋಣ. ಈಗ ಇಲ್ಲಿ ಸಹಿ ಹಾಕು."

"ಸಹಿ ಹಾಕಕ್ಕೆ ಬರುತ್ತೆ ಅಣ್ಣ. ಆದ್ರೆ ಓದದೆ ಹಾಕಲ್ಲ. ಇವತ್ತಂತೂ ಹಾಕಲ್ಲ. ಕಾರ್ಯ ಮುಗೀಲಿ. ಕಾನೂನು ಸೇವಾ ಸಮಿತೀಲಿ ವಕೀಲರಿದ್ದಾರೆ. ಅವರಿಗೆ ತೋರಿಸಿ ಹೇಳ್ತೀನಿ."

"ಓಲೆ ಇದೆಯಲ್ಲ ಕಿವೀಲಿ?"

"ಇದು ನಮ್ಮಪ್ಪ ಹಾಕಿದ್ದು."

ಮೂಲೆಯಲ್ಲಿ ಕೂತಿದ್ದ ಅತ್ತೆ ತಲೆ ಎತ್ತಿದಳು. "ನನ್ನ ಮಗ ತಗೊಂಡಿದ್ರೆ ಲೆಕ್ಕ ತಗೊಂಡು ಬನ್ರಪ್ಪ. ಸಾವಿನ ಮನೇಲಿ ಇಷ್ಟು ಸಾಕು, ಹೋಗಿ."

ಅವರು ಹೋದ ಮೇಲೆ ಸೊಸೆ ಮಗಳ ನೋಟ್‌ಬುಕ್ ತೆಗೆದುಕೊಂಡಳು. ಬಂದವರು ಯಾರು, ಯಾವ ತಾರೀಖು, ಎಷ್ಟು ಗಂಟೆ, ಏನು ಹೇಳಿದರು, ಎಲ್ಲವನ್ನೂ ಬರೆದಿಟ್ಟಳು. ಅಕ್ಷರ ಸ್ವಲ್ಪ ಸೊಟ್ಟಗಿತ್ತು. ಆದರೆ ಓದಲು ಬರುತ್ತಿತ್ತು.

ನೆನಪಿಡಿ

1. ಗಂಡನ ಸಾಲ ತಾನಾಗಿ ಹೆಂಡತಿಗೆ ಬರುವುದಿಲ್ಲ. ಅವನು ಬಿಟ್ಟ ಆಸ್ತಿಗೆ ಮಾತ್ರ ಬರುತ್ತದೆ.
2. ನೀವು ಸಾಲಗಾರರು ಅಥವಾ ಜಾಮೀನುದಾರರು ಆಗಿದ್ದರೆ ನೀವು ಹೊಣೆ. ಅಡವಿಟ್ಟ ಆಸ್ತಿ ಬಂದರೆ ಅದರ ಸಾಲವೂ ಬರುತ್ತದೆ.
3. ಓದದೆ ಸಹಿ ಬೇಡ. ಹೆಬ್ಬೆಟ್ಟು ಬೇಡ.
4. ಪಾಸ್‌ಬುಕ್ ಓದಿ. ವಿಮೆ ಇದೆಯಾ ಅಂತ ಕೇಳಿ.
5. ಕೋರ್ಟಿನ ಕಾಗದ ಬಂದರೆ ತಕ್ಷಣ ಕಾನೂನು ನೆರವು ಪಡೆಯಿರಿ.

ಮಾತಾಡೋಣ, ಬರೆಯೋಣ

ನಿಮ್ಮ ಮನೆಯಲ್ಲಿ ಯಾರ ಹೆಸರಿನಲ್ಲಿ ಯಾವ ಸಾಲ ಇದೆ? ನಿಮಗೆ ಗೊತ್ತಾ? ಇವತ್ತು ಮನೆಗೆ ಹೋಗಿ ಯಜಮಾನರ ಜೊತೆ ಕೂತು ಕೇಳಿ. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಮಾಡಿ: ಸಾಲ ಕೊಟ್ಟವರು, ಎಷ್ಟು, ಯಾವತ್ತು, ಯಾರ ಸಹಿ. ಅವರಿಗೂ ಇದರಿಂದ ಮನಸ್ಸು ಹಗುರ ಆಗುತ್ತದೆ.

ಪಾಸ್‌ಬುಕ್ ಇದ್ದರೆ ನಾಳೆ ತರಗತಿಗೆ ತನ್ನಿ. ಎಲ್ಲರೂ ಸೇರಿ ಓದೋಣ.